ಯೆಜ್ಡಿಯ ಮೈಗೆ ಬುಲೆಟ್ಟಿನ ಶಾಕಬ್ಸರ್

2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ಒಂದು ತಿದ್ದುಪಡಿ ತಂದು, ಹಳೆಯ ಕಾರು ಬೈಕುಗಳನ್ನು 'ವಿಂಟೇಜ್' ಎಂದು ನೋಂದಾಯಿಸಲು ದಾರಿ ಮಾಡಿಕೊಟ್ಟಿತು. ಮೊದಲ ನೋಂದಣಿಯಾಗಿ 50 ವರ್ಷ ಕಳೆದಿರಬೇಕು. ವಾಹನ ತನ್ನ ಮೂಲ ರೂಪದಲ್ಲಿ ಉಳಿದಿರಬೇಕು. ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ, ನಂಬರ್ ಪ್ಲೇಟಿನ ಮೇಲೆ 'ವಿಎ' ಎಂಬ ಗುರುತು. ಇಂಥ ವಾಹನವನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ತಾಂತ್ರಿಕ ಸಂಶೋಧನೆಗೆ, ರಿಪೇರಿಗೆ, ಪೆಟ್ರೋಲ್ ಹಾಕಿಸಿಕೊಂಡು ಬರಲು ರಸ್ತೆಗೆ ಇಳಿಸಬಹುದು. ದಿನನಿತ್ಯದ ಓಡಾಟಕ್ಕೆ ಇಳಿಸುವಂತಿಲ್ಲ.

ಹಳೆಯ ವಾಹನಗಳನ್ನು ಗುಜರಿಯಿಂದ ಉಳಿಸಿಕೊಳ್ಳಲು ಇಂಥದ್ದೊಂದು ನಿಯಮ ಬೇಕಾಗಿತ್ತು. ಆದರೆ ಚರಿತ್ರೆ ಓದುವವರಿಗೆ ಇಲ್ಲಿ ಒಂದು ಮಾತು ಸುಲಭವಾಗಿ ದಾಟಲು ಬಿಡುವುದಿಲ್ಲ: 'ಮೂಲ ರೂಪ'. ಐವತ್ತು ವರ್ಷ ರಸ್ತೆಯಲ್ಲಿ ಓಡಿದ ಯಂತ್ರದ ಮೂಲ ರೂಪ ಯಾವುದು? ಕಾರ್ಖಾನೆಯ ಬಾಗಿಲು ದಾಟಿದ ದಿನದ್ದೇ? ಹಾಗಾದರೆ ಆಮೇಲಿನ ಐವತ್ತು ವರ್ಷಗಳನ್ನು ಯಾವ ಹೆಸರಿನಿಂದ ಕರೆಯಬೇಕು?

ನಾನು ಕೆಲಸ ಮಾಡುತ್ತಿರುವುದು ಮಧ್ಯ ಕರ್ನಾಟಕದ ಹಳ್ಳಿಗಳ ಸಾರಿಗೆಯ ಚರಿತ್ರೆಯ ಮೇಲೆ. ಗಾಡಿ, ಸೈಕಲ್ಲು, ದೋಣಿ, ಲಗೇಜ್ ಆಟೊ, ಮೋಟಾರ್ ಸೈಕಲ್ಲು, ಇವುಗಳಲ್ಲಿ ಜನ ಏನನ್ನು ಎಲ್ಲಿಗೆ ಸಾಗಿಸಿದರು ಎಂಬ ಲೆಕ್ಕ. ತುಂಗಭದ್ರೆಯ ದಡದ ಹೊನ್ನಾಳಿ–ನ್ಯಾಮತಿ ಸೀಮೆಯ ಹಳ್ಳಿಗಳನ್ನು ಸುತ್ತುವಾಗ ಗೋವಿನಕೋವಿಯಲ್ಲಿ ನನಗೆ ಸಿಕ್ಕ ಅತ್ಯುತ್ತಮ ದಾಖಲೆ ಕಾಗದದ ಮೇಲಿರಲಿಲ್ಲ. ನಮ್ಮ ಚಿಕ್ಕಪ್ಪನ ಮನೆಯ ಕೊಟ್ಟಿಗೆಯಲ್ಲಿ, ಹುಲ್ಲಿನ ಹೊರೆಗಳ ಪಕ್ಕದಲ್ಲಿ ನಿಂತಿತ್ತು. 1992ರಲ್ಲಿ ಕೊಂಡ ಯೆಜ್ಡಿ ರೋಡ್‌ಕಿಂಗ್. ಅದರ ಹಿಂದಿನ ಗಾಲಿಯ ಎರಡೂ ಪಕ್ಕ ಇರುವುದು ಯೆಜ್ಡಿಯ ಶಾಕ್ ಅಬ್ಸಾರ್ಬರ್‌ಗಳಲ್ಲ, ಬುಲೆಟ್ಟಿನವು. ನಮ್ಮ ಕಡೆಯ ಗ್ಯಾರೇಜುಗಳ ಮಾತಿನಲ್ಲಿ, ಶಾಕಬ್ಸರ್.

ಈ ಬೈಕಿನ ಬಗ್ಗೆ ಮನೆಯಲ್ಲಿ ಈಗ ಒಂದು ಚರ್ಚೆ ನಡೆದಿದೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪನ ಮಗನಿಗೆ ಇದನ್ನು 'ಸ್ಟಾಕ್' ಮಾಡಿಸುವ ಆಸೆ. ಅಂದರೆ ಕಾರ್ಖಾನೆಯಿಂದ ಬಂದಾಗ ಹೇಗಿತ್ತೋ ಹಾಗೆ. ಹಳೆಯ ಬೈಕುಗಳನ್ನು ಕೊಳ್ಳುವವರೊಬ್ಬರು ನೋಡಿಕೊಂಡು ಹೋಗಿ, ಎಲ್ಲ ಸರಿ, ಹಿಂದಿನ ಶಾಕ್ ಮಾತ್ರ ಒರಿಜಿನಲ್ ಅಲ್ಲ, ಅದಕ್ಕೆ ಬೆಲೆ ಮುರಿಯಬೇಕಾಗುತ್ತದೆ ಎಂದರಂತೆ. "ಅಕ್ಕಾ, ಅದೊಂದು ಬಿಚ್ಚಿ ಎಸೆದರೆ ಗಾಡಿ ಪೂರ್ತಿ ಒರಿಜಿನಲ್" ಎಂದು ಅವನು ನನಗೆ ಹೇಳಿದ. ಆ ಬಿಚ್ಚಿ ಎಸೆಯುವ ಒಂದು ಜೊತೆ ಕಬ್ಬಿಣದಲ್ಲಿ ಏನೇನಿದೆ ಎಂಬುದನ್ನು ಹೇಳುವುದೇ ಈ ಬರಹದ ಉದ್ದೇಶ.

ಮೊದಲು, ಅದು ಮಾಡುವ ಕೆಲಸ. ಎತ್ತಿನ ಗಾಡಿಯಲ್ಲಿ ಕೂತವರಿಗೆ ಗೊತ್ತು: ಗಾಲಿ ಕಲ್ಲು ಹತ್ತಿದರೆ ಬೆನ್ನುಮೂಳೆಯೂ ಹತ್ತುತ್ತದೆ. ಮೊದಮೊದಲ ಮೋಟಾರ್ ಸೈಕಲ್ಲುಗಳ ಹಿಂಭಾಗವೂ ಹಾಗೇ ಇತ್ತು. ಹಿಂದಿನ ಗಾಲಿಯನ್ನು ಚೌಕಟ್ಟಿಗೆ ನೇರ ಬಿಗಿದು, ಸೀಟಿನ ಕೆಳಗೆ ಮಾತ್ರ ಸ್ಪ್ರಿಂಗು ಇಡುತ್ತಿದ್ದರು. ಹಿಂದಿನ ಗಾಲಿಗೂ ಸ್ಪ್ರಿಂಗು ಕೊಡುವ ಪ್ರಯತ್ನಗಳು ಬೇಗನೆ ಶುರುವಾದವು. ಅಮೆರಿಕದ ಇಂಡಿಯನ್ ಕಂಪನಿ 1913ರಲ್ಲೇ ಪಟ್ಟಿ ಸ್ಪ್ರಿಂಗುಗಳ ಚೌಕಟ್ಟನ್ನು ತಂದಿತ್ತು. ಆದರೂ ಎರಡನೇ ಮಹಾಯುದ್ಧದವರೆಗೆ ಬಹುಪಾಲು ಬೈಕುಗಳ ಬೆನ್ನು ಬಿಗಿಯಾಗಿಯೇ ಉಳಿಯಿತು. ಹಿಂದಿನ ಗಾಲಿ ಅಲ್ಲಾಡಿದರೆ ಚೈನು ಸಡಿಲಾಗುತ್ತದೆ, ತಿರುವಿನಲ್ಲಿ ಗಾಡಿ ಓಲಾಡುತ್ತದೆ ಎಂಬ ಭಯ ತಯಾರಕರಿಗೆ ಇತ್ತು. ಆ ಭಯ ಆಧಾರವಿಲ್ಲದ್ದೂ ಆಗಿರಲಿಲ್ಲ.

ಇಂದು ನಾವು ನೋಡುವ ಹಳೆಯ ಬೈಕುಗಳ ಹಿಂಭಾಗದಲ್ಲಿ ಎರಡು ಭಾಗಗಳಿವೆ. ಒಂದು ಸ್ವಿಂಗ್ ಆರ್ಮ್. ಗೇರ್‌ಬಾಕ್ಸಿನ ಹಿಂದೆ ಒಂದು ಅಡ್ಡಪಿನ್ನಿಗೆ ಕೂಡಿಸಿದ, ಬಾಗಿಲಿನ ಕೀಲಿನಂತೆ ಮೇಲೆ ಕೆಳಗೆ ಆಡುವ ಕವೆ. ಅದರ ತುದಿಯಲ್ಲಿ ಗಾಲಿ. ಇನ್ನೊಂದು, ಆ ಕವೆಯನ್ನೂ ಚೌಕಟ್ಟನ್ನೂ ಕೂಡಿಸುವ ಎರಡು ಶಾಕ್ ಅಬ್ಸಾರ್ಬರ್. ಶಾಕ್ ಅಬ್ಸಾರ್ಬರ್ ಅಂದರೆ ಬರೀ ಸ್ಪ್ರಿಂಗಲ್ಲ. ಸ್ಪ್ರಿಂಗು ಏಟನ್ನು ನುಂಗಿ ಮತ್ತೆ ಅಷ್ಟನ್ನೂ ವಾಪಸ್ ಕೊಡುತ್ತದೆ. ಅದೊಂದೇ ಇದ್ದರೆ ಗಾಡಿ ಒಂದು ಗುಂಡಿಗೆ ನಾಲ್ಕು ಸಲ ಕುಣಿಯುತ್ತದೆ. ಅದರೊಳಗಿನ ಕೊಳವೆಯಲ್ಲಿ ಎಣ್ಣೆಯಿದೆ. ಗಾಲಿ ಆಡಿದಂತೆ ಆ ಎಣ್ಣೆ ಸಣ್ಣ ತೂತುಗಳಲ್ಲಿ ನುಸಿದು ಹೋಗಬೇಕಾಗುತ್ತದೆ, ಆ ಹೆಣಗಾಟದಲ್ಲಿ ಏಟಿನ ಬಲ ಬಿಸಿಯಾಗಿ ಕರಗುತ್ತದೆ. ಸ್ಪ್ರಿಂಗು ಭಾರ ಹೊರುತ್ತದೆ, ಎಣ್ಣೆ ಕುಣಿತ ನಿಲ್ಲಿಸುತ್ತದೆ. ಎರಡೂ ಒಂದಕ್ಕೊಂದು ಅಳತೆಯಾಗಿರಬೇಕು.

ಈ ಏರ್ಪಾಟಿನ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸಿದ ಘಟನೆ ನಡೆದದ್ದು ಬೆಲ್‌ಫಾಸ್ಟ್ ನಗರದಲ್ಲಿ. ಯುದ್ಧದ ವರ್ಷಗಳಲ್ಲಿ ಅಲ್ಲಿನ ರೆಕ್ಸ್ ಮ್ಯಾಕ್‌ಕ್ಯಾಂಡ್ಲೆಸ್ ಎಂಬ ತರುಣ ತನಗಾಗಿ ಒಂದು ಬೈಕು ಕಟ್ಟಿಕೊಂಡ. ಹಿಂದಿನ ಗಾಲಿಗೆ ಸ್ವಿಂಗ್ ಆರ್ಮ್ ಮಾಡಿದ. ಅದಕ್ಕೆ ಬೇಕಾದ ಎಣ್ಣೆಯ ಶಾಕ್ ಅಬ್ಸಾರ್ಬರ್ ಬೈಕಿನವು ಸಿಗಲಿಲ್ಲ, ಸಿಟ್ರೊಯೆನ್ ಕಾರಿನದನ್ನು ತಂದು ಹೊಂದಿಸಿದ. ಆಮೇಲೆ ಬಿಗಿ ಬೆನ್ನಿನ ಹಳೆಯ ಬೈಕುಗಳಿಗೆ ಜೋಡಿಸಬಲ್ಲ ಸ್ವಿಂಗ್ ಆರ್ಮ್ ಕಿಟ್‌ಗಳನ್ನು ಮಾಡಿದ. ಅವನ ಯೋಚನೆಯೇ ಬೆಳೆದು ನಾರ್ಟನ್ ಕಂಪನಿಯ 'ಫೆದರ್‌ಬೆಡ್' ಚೌಕಟ್ಟಾಯಿತು. ಆ ಬೈಕು 1950ರಲ್ಲಿ ಐಲ್ ಆಫ್ ಮ್ಯಾನ್ ರೇಸುಗಳನ್ನು ಗೆದ್ದಿತು. ಮುಂದಿನ ಎರಡು ಮೂರು ದಶಕ ಪ್ರಪಂಚದ ಬಹುಪಾಲು ಮೋಟಾರ್ ಸೈಕಲ್ಲುಗಳ ಬೆನ್ನು ಇದೇ ಬಗೆಯಲ್ಲಿ ಬೆಳೆಯಿತು.

ಕಾರಿನ ಶಾಕನ್ನು ಬೈಕಿಗೆ ಹಾಕಿದ್ದನ್ನು ಪುಸ್ತಕಗಳು ಆವಿಷ್ಕಾರ ಎಂದು ಬರೆದುಕೊಂಡಿವೆ, ಅದು ಸರಿಯೂ ಹೌದು. ಹೊನ್ನಾಳಿಯ ಗ್ಯಾರೇಜಿನಲ್ಲಿ ಬುಲೆಟ್ಟಿನ ಶಾಕನ್ನು ಯೆಜ್ಡಿಗೆ ಹಾಕಿದ್ದನ್ನು ನಾವು ಏನೆಂದು ಬರೆದುಕೊಳ್ಳುತ್ತೇವೆ ಎಂಬುದು ನನ್ನ ಪ್ರಶ್ನೆ.

ಈ ಎರಡು ಬೈಕುಗಳ ವಂಶಾವಳಿಯನ್ನೂ ಸ್ವಲ್ಪ ನೋಡೋಣ. ರಾಯಲ್ ಎನ್‌ಫೀಲ್ಡ್ ಕಂಪನಿ ಸ್ವಿಂಗ್ ಆರ್ಮ್ ಇರುವ ಹೊಸ ಬುಲೆಟ್ಟನ್ನು 1948ರ ಕೊನೆಯಲ್ಲಿ ಲಂಡನ್ನಿನ ಪ್ರದರ್ಶನದಲ್ಲಿ ತೋರಿಸಿತು, 1949ರಲ್ಲಿ ಮಾರಾಟಕ್ಕೆ ಬಿಟ್ಟಿತು. ಸಾಮಾನ್ಯರು ಕೊಳ್ಳಬಹುದಾದ ಬೈಕುಗಳಲ್ಲಿ ಈ ಸೌಕರ್ಯ ತಂದ ಮೊದಲಿಗರಲ್ಲಿ ಅದೂ ಒಂದು. ನಮ್ಮ ಸೈನ್ಯ ಅದನ್ನು ಮೆಚ್ಚಿತು, 1955ರಲ್ಲಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು. ಇಂಗ್ಲೆಂಡಿನ ಕಾರ್ಖಾನೆ ಮುಚ್ಚಿದ ಮೇಲೂ ತಿರುವೊಟ್ರಿಯೂರಿನಲ್ಲಿ ಬುಲೆಟ್ ತಯಾರಾಗುತ್ತಲೇ ಇತ್ತು.

ಜಾವಾದ ಕಥೆ ಝೆಕ್ ನಾಡಿನದು. 1929ರಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರ್ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್ ಸೈಕಲ್ಲಿನ ವಿನ್ಯಾಸ ಕೊಂಡುಕೊಂಡ. ಯಾನೆಚೆಕ್‌ನ 'ಯಾ', ವಾಂಡರರ್‌ನ 'ವಾ' ಸೇರಿ ಯಾವಾ. ನಮ್ಮ ಬಾಯಲ್ಲಿ ಜಾವಾ. ಹೆಸರಿನಲ್ಲೇ ಎರಡು ಬಿಡಿಭಾಗಗಳ ಜೋಡಣೆಯಿದೆ. ನಾಜಿಗಳ ಆಕ್ರಮಣದ ಕಾಲದಲ್ಲಿ ಗುಟ್ಟಾಗಿ ರೂಪಿಸಿ 1946ರಲ್ಲಿ ಹೊರತಂದ 250 ಸಿ.ಸಿ. ಬೈಕಿಗೆ ಅಲ್ಲಿನ ಜನ 'ಪೇರಾಕ್' ಎಂದು ಅಡ್ಡಹೆಸರಿಟ್ಟರು. ಸ್ಪ್ರಿಂಗಿನವನು ಎಂದು ಅದರ ಅರ್ಥ. ಹಿಂದಿನ ಗಾಲಿಯ ಅಚ್ಚು ಎರಡು ಕೊಳವೆಗಳೊಳಗಿನ ಸ್ಪ್ರಿಂಗುಗಳ ನಡುವೆ ನೇರ ಮೇಲೆ ಕೆಳಗೆ ಆಡುತ್ತಿತ್ತು. 1954ರಲ್ಲಿ ಬಂದ 353 ಮಾದರಿಯಲ್ಲಿ ಅದರ ಜಾಗಕ್ಕೆ ಸ್ವಿಂಗ್ ಆರ್ಮ್ ಬಂತು. ಅದಕ್ಕೆ ಜನರಿಟ್ಟ ಹೆಸರು 'ಕಿವಾಚ್ಕಾ', ತೂಗಾಡುವುದು. ಅಲ್ಲಿಯವರು ಬೈಕುಗಳನ್ನು ಗುರುತಿಸಿದ್ದೇ ಅವುಗಳ ಹಿಂದಿನ ಗಾಲಿಯಿಂದ!

ಆ 353 ಮಾದರಿಯೇ ಮೈಸೂರಿಗೆ ಬಂದದ್ದು. ಇರಾನಿ ಕುಟುಂಬದವರು 1960ರಲ್ಲಿ ಸ್ಥಾಪಿಸಿದ ಐಡಿಯಲ್ ಜಾವಾ ಕಾರ್ಖಾನೆ ಯಾದವಗಿರಿಯಲ್ಲಿ ತಲೆಯೆತ್ತಿತು. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್, ಕಿಕ್ಕರಿಗೂ ಗೇರಿಗೂ ಒಂದೇ ಲಿವರ್, ಚೈನಿಗೆ ದೂಳು ತಾಕದಂತೆ ಪೂರ್ತಿ ಮುಚ್ಚಿದ ಕವರು. 1973ರಲ್ಲಿ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದ ನೆನಪಿನ ಹೆಸರು ಎನ್ನುತ್ತಾರೆ. 1978ರಲ್ಲಿ ರೋಡ್‌ಕಿಂಗ್ ಬಂತು. ಎಂಬತ್ತರ ದಶಕದ ನಡುವಿನಲ್ಲಿ ಜಪಾನಿನ ಕಂಪನಿಗಳ ಜೊತೆಗೂಡಿ ತಯಾರಾದ 100 ಸಿ.ಸಿ. ಬೈಕುಗಳು ಬಂದವು, ಅವು ಕಡಿಮೆ ಪೆಟ್ರೋಲ್ ಕುಡಿಯುತ್ತಿದ್ದವು. ಹೊಗೆಯ ನಿಯಮಗಳು 1991ರಲ್ಲಿ ಶುರುವಾಗಿ 1996ರಲ್ಲಿ ಬಿಗಿಯಾದವು. ಎಣ್ಣೆ ಬೆರೆಸಿದ ಪೆಟ್ರೋಲನ್ನು ಉರಿಸುವ ಟೂ ಸ್ಟ್ರೋಕ್ ಎಂಜಿನ್ನಿಗೆ ಕಾಲ ಕೂಡಿಬರಲಿಲ್ಲ. 1996ರಲ್ಲಿ ಕಾರ್ಖಾನೆ ಮುಚ್ಚಿತು.

ಕಂಪನಿಯ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತಾರೆ. ಆಮೇಲೆ 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರುಗಳು ಹೊಸ ಬೈಕುಗಳ ಮೇಲೆ ಮರಳಿ ಬಂದಲ್ಲಿಗೆ ನೆಗೆಯುತ್ತಾರೆ. ನಡುವಿನ ಇಪ್ಪತ್ತೆರಡು ವರ್ಷ ಖಾಲಿ. ಆದರೆ ರಸ್ತೆಯ ಮೇಲಿದ್ದ ಬೈಕುಗಳಿಗೆ 1996ರಲ್ಲಿ ಏನೂ ಮುಗಿದಿರಲಿಲ್ಲ. ತಂತ್ರಜ್ಞಾನದ ಚರಿತ್ರೆಯನ್ನು ಆವಿಷ್ಕಾರದ ದಿನಾಂಕಗಳಿಂದ ಬರೆಯದೆ ಬಳಕೆ ಮತ್ತು ದುರಸ್ತಿಯಿಂದ ಬರೆಯಬೇಕು ಎಂದು ಬ್ರಿಟಿಷ್ ಇತಿಹಾಸಕಾರ ಡೇವಿಡ್ ಎಜರ್ಟನ್ ವಾದಿಸಿದ್ದಾರೆ. ಕಾರ್ಖಾನೆ ಮುಚ್ಚಿದ ದಿನದಿಂದ ಶುರುವಾಗುವ ಯೆಜ್ಡಿಯ ಚರಿತ್ರೆಗೆ ಈ ಮಾತು ಚೆನ್ನಾಗಿ ಒಪ್ಪುತ್ತದೆ.

ಚಿಕ್ಕಪ್ಪ ಯೆಜ್ಡಿ ಕೊಂಡದ್ದು ಹಾಲಿಗಾಗಿ. ಹೊನ್ನಾಳಿಯ ಹೋಟೆಲುಗಳಿಗೆ, ಕೆಲವು ಮನೆಗಳಿಗೆ ವರ್ತನೆ ಹಾಲು. ಬೈಕಿನ ಹಿಂಭಾಗಕ್ಕೆ ಕಬ್ಬಿಣದ ಚೌಕಟ್ಟು ಕಟ್ಟಿ ಎರಡೂ ಪಕ್ಕಕ್ಕೆ 40 ಲೀಟರಿನ ಒಂದೊಂದು ಕ್ಯಾನು ಇಳಿಬಿಡುತ್ತಿದ್ದರು. ಹಾಲೇ 80 ಕಿಲೋ ದಾಟಿತು, ಕ್ಯಾನಿನ ತೂಕ ಬೇರೆ. ವಾಪಸ್ ಬರುವಾಗ ಹಿಂಡಿ, ಬೂಸಾ, ಬಿತ್ತನೆ ಕಾಲದಲ್ಲಿ ಗೊಬ್ಬರದ ಚೀಲ. ಮಳೆಗಾಲದಲ್ಲಿ ಹೊಲದ ದಾರಿಯ ಗುಂಡಿಗಳು. ಒಬ್ಬರು ಓಡಿಸಿ ಇನ್ನೊಬ್ಬರು ಹಿಂದೆ ಕೂರಲೆಂದು ಮಾಡಿದ ಸ್ಪ್ರಿಂಗುಗಳ ಮೇಲೆ ಈ ಹೊರೆ ದಿನವೂ ಒಂಬತ್ತು ವರ್ಷ ಕೂತಿತು. ಎಣ್ಣೆ ಸೋರಿತು, ಸ್ಪ್ರಿಂಗು ಸೋತಿತು, ಗುಂಡಿ ಬಂದಾಗ ಟೈರು ಮಡ್‌ಗಾರ್ಡಿಗೆ ತಾಗಿ ಸದ್ದು ಮಾಡತೊಡಗಿತು. ಅದು 2001. ಕಾರ್ಖಾನೆ ಮುಚ್ಚಿ ಐದು ವರ್ಷವಾಗಿತ್ತು.

"ಹೊಸ ಜೋಡಿ ಸಿಗ್ತಿರಲಿಲ್ಲ ಅಂತಲ್ಲ ಕಣಮ್ಮ," ಎಂದು ಚಿಕ್ಕಪ್ಪ ನೆನಪಿಸಿಕೊಂಡರು. "ಸಿಕ್ಕಿದ್ರೂ ಅದು ಮತ್ತೆ ಎರಡು ವರ್ಷಕ್ಕೆ ಕೂತ್ಕೋತಿತ್ತು. ಹಾಲು ಹೊರೋ ಗಾಡಿಗೆ ಹಾಲು ಹೊರೋ ಬೆನ್ನು ಬೇಕಲ್ಲ." ಹೊನ್ನಾಳಿಯ ಮೇಸ್ತ್ರಿ ಬುಲೆಟ್ಟಿನದನ್ನು ಹಾಕೋಣ ಎಂದರಂತೆ. ಬುಲೆಟ್ ಹೆಚ್ಚು ತೂಕದ ಬೈಕು, ಅದರ ಸ್ಪ್ರಿಂಗು ಗಟ್ಟಿ. ಶಿವಮೊಗ್ಗದ ಗುಜರಿ ಅಂಗಡಿಯೊಂದರಲ್ಲಿ, ಅಪಘಾತದಲ್ಲಿ ಮುಂಭಾಗ ನಜ್ಜುಗುಜ್ಜಾದ ಬುಲೆಟ್ಟಿನಿಂದ ಬಿಚ್ಚಿದ ಒಂದು ಜೊತೆ ಸಿಕ್ಕಿತು.

ಆ ಮೇಸ್ತ್ರಿ ಈಗ ಗ್ಯಾರೇಜನ್ನು ಮಗನಿಗೆ ಬಿಟ್ಟುಕೊಟ್ಟು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಕೆಲಸ ಹೇಗೆ ಮಾಡಿದಿರಿ ಎಂದು ಕೇಳಿದೆ. ಅವರು ಹೇಳಿದ ಕ್ರಮವನ್ನು ಬರೆದುಕೊಂಡದ್ದು ನನ್ನ ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ಪುಟವಾಗಿದೆ. ಅದರ ಸಾರ ಇಷ್ಟು.

ಹಳೆಯದನ್ನೂ ಹೊಸದನ್ನೂ ಅಕ್ಕಪಕ್ಕ ಒಂದೇ ಮೊಳೆಗೆ ನೇತುಹಾಕಿ ನೋಡಬೇಕು. ಅಳೆಯಬೇಕಾದ್ದು ಮೇಲಿನ ಕಣ್ಣಿನ ನಡುವಿನಿಂದ ಕೆಳಗಿನ ಕಣ್ಣಿನ ನಡುವಿಗೆ ಇರುವ ಉದ್ದ. ಕಣ್ಣು ಅಂದರೆ ಬೋಲ್ಟು ಹಾಯುವ ಬಳೆ. ಉದ್ದ ಹೆಚ್ಚಾದರೆ ಗಾಡಿಯ ಹಿಂಭಾಗ ಏಳುತ್ತದೆ, ಮುಂಭಾಗ ಬಾಗುತ್ತದೆ. ಎರಡು ಗಾಲಿಗಳ ನಡುವೆ 1,300 ಮಿ.ಮೀ. ಅಂತರವಿದೆ ಎಂದಿಟ್ಟುಕೊಂಡು ನಾನು ಲೆಕ್ಕ ಹಾಕಿದೆ: ಹಿಂಭಾಗ 25 ಮಿ.ಮೀ. ಎದ್ದರೆ ಇಡೀ ಗಾಡಿ ಒಂದು ಡಿಗ್ರಿಗಿಂತ ತುಸು ಹೆಚ್ಚು ಮುಂದಕ್ಕೆ ವಾಲುತ್ತದೆ. ಕಣ್ಣಿಗೆ ಕಾಣದಷ್ಟು. ಆದರೆ ಹ್ಯಾಂಡಲ್ ಹಿಡಿದವರ ಕೈಗೆ ಗೊತ್ತಾಗುತ್ತದೆ: ತಿರುವಿನಲ್ಲಿ ಚುರುಕು, ನೇರ ರಸ್ತೆಯಲ್ಲಿ ಚಂಚಲ. ಉದ್ದ ಕಡಿಮೆಯಾದರೆ ಸೈಲೆನ್ಸರ್ ನೆಲಕ್ಕೆ ತಾಗುತ್ತದೆ, ಟೈರು ಮಡ್‌ಗಾರ್ಡಿಗೆ ತಾಗುತ್ತದೆ.

ಆಮೇಲೆ ಕಣ್ಣಿನ ಒಳಗಿನ ಬುಷ್. ಬುಲೆಟ್ಟಿನ ಬೋಲ್ಟಿನ ದಪ್ಪ ಬೇರೆ, ಯೆಜ್ಡಿಯ ಚೌಕಟ್ಟಿನಿಂದ ಹೊರಟ ಬೋಲ್ಟಿನ ದಪ್ಪ ಬೇರೆ. ಚೌಕಟ್ಟನ್ನು ಕೊರೆಯಲು ಮೇಸ್ತ್ರಿ ಒಪ್ಪಲಿಲ್ಲ. ಚೌಕಟ್ಟು ಒಂದೇ ಇರುವುದು, ಬುಷ್ ಎಷ್ಟು ಬೇಕಾದರೂ ಮಾಡಿಸಬಹುದು ಎಂಬುದು ಅವರ ತರ್ಕ. ಲೇತ್‌ನಲ್ಲಿ ನಾಲ್ಕು ಹೊಸ ಬುಷ್ ತಿರುಗಿಸಿ, ಎರಡೂ ಪಕ್ಕ ವಾಷರ್ ಕೊಟ್ಟು, ಶಾಕು ಓರೆಯಾಗದೆ ನೇರ ನಿಲ್ಲುವಂತೆ ಮಾಡಿದರು. ಓರೆಯಾಗಿ ಕೂತರೆ ಒಳಗಿನ ದಂಡ ಒಂದೇ ಕಡೆ ಉಜ್ಜಿ ಸೀಲು ಹರಿಯುತ್ತದೆ.

ಬಿಗಿಯುವ ಮೊದಲು ಇನ್ನೊಂದು ಪರೀಕ್ಷೆ. ಶಾಕುಗಳಿಲ್ಲದೆ ಸ್ವಿಂಗ್ ಆರ್ಮನ್ನು ಕೈಯಲ್ಲಿ ಹಿಡಿದು ಪೂರ್ತಿ ಮೇಲೆ, ಪೂರ್ತಿ ಕೆಳಗೆ ಆಡಿಸಿ, ಎಲ್ಲಿ ಏನು ತಾಗುತ್ತದೆ ನೋಡಬೇಕು. ಗೇರ್‌ಬಾಕ್ಸಿನ ಹಲ್ಲುಗಾಲಿ, ಸ್ವಿಂಗ್ ಆರ್ಮಿನ ಪಿನ್ನು, ಹಿಂದಿನ ಅಚ್ಚು ಮೂರೂ ಒಂದೇ ಗೆರೆಗೆ ಬಂದಾಗ ಚೈನು ಅತಿ ಬಿಗಿಯಾಗುತ್ತದೆ. ಆಗಲೂ ಅದು ಬೆರಳಿಗೆ ಸಿಗುವಷ್ಟು ಸಡಿಲವಿರಬೇಕು. ಯೆಜ್ಡಿಯಲ್ಲಿ ಚೈನ್ ಕವರನ್ನು ಎಂಜಿನ್ನಿಗೆ ಕೂಡಿಸುವ ರಬ್ಬರಿನ ತಿದಿಗಳಿವೆ. ಗಾಲಿ ಹೆಚ್ಚು ಕೆಳಗೆ ಇಳಿದರೆ ಅವು ಹರಿಯುತ್ತವೆ. ಕೊನೆಗೆ ಸೆಂಟರ್ ಸ್ಟ್ಯಾಂಡ್ ಹಾಕಿ ಹಿಂದಿನ ಗಾಲಿ ನೆಲದಿಂದ ಏಳುತ್ತದೆಯೇ ನೋಡಬೇಕು. ಎದ್ದರೆ ಉದ್ದ ಸರಿಯಿದೆ ಎಂದರ್ಥ.

ಎರಡು ಬೇರೆ ದೇಶಗಳಲ್ಲಿ ಹುಟ್ಟಿದ ಬೈಕುಗಳ ನಡುವೆ ಈ ಅದಲುಬದಲು ಸಾಧ್ಯವಾಗಿದ್ದು ಆಕಸ್ಮಿಕವಲ್ಲ. ಎರಡರ ಬೆನ್ನೂ ನಲವತ್ತು ಐವತ್ತರ ದಶಕದ ಒಂದೇ ಯೋಚನೆಯಿಂದ ಬಂದವು. ಭಾಷೆಯ ವಿದ್ಯಾರ್ಥಿಗಳಿಗೆ ಹೇಳುವುದಾದರೆ, ವ್ಯಾಕರಣ ಒಂದೇ, ಉಪಭಾಷೆ ಬೇರೆ. ಮೇಸ್ತ್ರಿ ಮಾಡಿದ್ದು ಒಂದು ಉಪಭಾಷೆಯ ಪದವನ್ನು ಇನ್ನೊಂದಕ್ಕೆ, ಪ್ರತ್ಯಯ ಬದಲಿಸಿ, ಕೂರಿಸಿದ ಕೆಲಸ.

ಎಲ್ಲ ಅದಲುಬದಲೂ ಇಷ್ಟು ಜಾಣತನದ್ದಾಗಿರುತ್ತದೆ ಎಂದು ನಾನು ಹೇಳುವುದಿಲ್ಲ. ಎಡಕ್ಕೊಂದು ಬಲಕ್ಕೊಂದು ಬೇರೆ ಬೇರೆ ಬೈಕಿನ ಶಾಕು ಹಾಕಿದ ಗಾಡಿಗಳನ್ನು ನೋಡಿದ್ದೇನೆ. ಹಾಗೆ ಮಾಡಿದರೆ ಸ್ವಿಂಗ್ ಆರ್ಮ್ ತಿರುಚಿಕೊಳ್ಳುತ್ತದೆ. ಉದ್ದ ಸಾಲದ್ದಕ್ಕೆ ಕಬ್ಬಿಣದ ತುಂಡು ವೆಲ್ಡ್ ಮಾಡಿದ್ದನ್ನೂ ನೋಡಿದ್ದೇನೆ. ಆ ಬೆಸುಗೆ ಬಿಟ್ಟರೆ ಸವಾರ ಉಳಿಯುವುದು ಕಷ್ಟ. ಗಟ್ಟಿ ಸ್ಪ್ರಿಂಗಿಗೂ ಒಂದು ಬೆಲೆಯಿದೆ: ಕ್ಯಾನುಗಳಿಲ್ಲದೆ ಒಬ್ಬರೇ ಹೋದರೆ ಚಿಕ್ಕಪ್ಪನ ಬೈಕು ಕುದುರೆಯಂತೆ ಒದೆಯುತ್ತದೆ. "ಹಾಲಿದ್ರೆ ಪಲ್ಲಕ್ಕಿ, ಹಾಲಿಲ್ದಿದ್ರೆ ಕತ್ತೆ" ಎಂದು ಚಿಕ್ಕಮ್ಮ ನಗುತ್ತಾರೆ. ಆದರೆ ಆ ಒದೆತವೂ ಒಂದು ಮಾಹಿತಿ. ಈ ಬೈಕು ಯಾವ ತೂಕಕ್ಕೆ ಹೊಂದಿಕೊಂಡಿದೆ ಎಂಬುದನ್ನು ಅದು ಈಗಲೂ ಹೇಳುತ್ತಿದೆ. ಹೊನ್ನಾಳಿಯ ಹೋಟೆಲುಗಳಿಗೆ ಗೋವಿನಕೋವಿಯಿಂದ ಎಷ್ಟು ಹಾಲು ಹೋಗುತ್ತಿತ್ತು ಎಂಬುದಕ್ಕೆ ರಸೀದಿಗಳಿಲ್ಲ. ಆ ಸ್ಪ್ರಿಂಗುಗಳಿವೆ.

ಬೈಕಿನ ಆರ್‌ಸಿ ಪುಸ್ತಕವನ್ನು ತಿರುವಿ ನೋಡಿದೆ. ಎಂಜಿನ್ ನಂಬರು, ಚಾಸಿ ನಂಬರು, ಬಣ್ಣ, ಮಾಲೀಕರ ಹೆಸರು ಎಲ್ಲಕ್ಕೂ ಅಲ್ಲಿ ಜಾಗವಿದೆ. ಯಾವ ವರ್ಷ ಯಾವ ಕಾರಣಕ್ಕೆ ಯಾರು ಶಾಕು ಬದಲಿಸಿದರು ಎಂದು ಬರೆಯಲು ಜಾಗವಿಲ್ಲ. ನೋಂದಣಿ ಸಂಖ್ಯೆ ಕೆಎ 14ರಿಂದ ಶುರುವಾಗುತ್ತದೆ, ಅದು ಶಿವಮೊಗ್ಗದ್ದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಹೊನ್ನಾಳಿ ತಾಲ್ಲೂಕು ಅದಕ್ಕೆ ಸೇರಿತು, ಈ ಸೀಮೆಯ ಹೊಸ ಗಾಡಿಗಳಿಗೆ ಕೆಎ 17 ಬಂತು. ಆಮೇಲೆ ನ್ಯಾಮತಿಯೂ ತಾಲ್ಲೂಕಾಯಿತು. ಊರು ಒಂದಿಂಚೂ ಸರಿಯದೆ ಅದರ ವಿಳಾಸ ಬದಲಾಯಿತು. ಗೋವಿನಕೋವಿಯ ಮೂಲ ಜಿಲ್ಲೆ ಯಾವುದು ಎಂದು ಕೇಳಿದರೆ, ಯಾವ ವರ್ಷದ ಮಾತು ಎಂದು ತಿರುಗಿ ಕೇಳಬೇಕಾಗುತ್ತದೆ. ಬೈಕಿನ ಮೂಲ ರೂಪದ ಪ್ರಶ್ನೆಗೂ ಅದೇ ಉತ್ತರ.

ಹೊನ್ನಾಳಿ ಸೀಮೆಯ ಶಾಸನಗಳನ್ನು ಬಿ.ಎಲ್. ರೈಸ್ 1902ರಲ್ಲಿ 'ಎಪಿಗ್ರಾಫಿಯಾ ಕರ್ನಾಟಿಕಾ'ದ 7ನೇ ಸಂಪುಟದಲ್ಲಿ ಪ್ರಕಟಿಸಿದರು. ಶಾಸನ ಓದುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು: ಕಲ್ಲುಗಳು ನೆಟ್ಟ ಜಾಗದಲ್ಲೇ ಇರುವುದಿಲ್ಲ. ದೇವಸ್ಥಾನದ ಕಲ್ಲು ಕೆರೆಯ ತೂಬಿನಲ್ಲಿರುತ್ತದೆ, ವೀರಗಲ್ಲು ಮನೆಯ ಮೆಟ್ಟಿಲಾಗಿರುತ್ತದೆ. ಒಳ್ಳೆಯ ಸಂಶೋಧಕರು ಆ ಕಲ್ಲು ಈಗ ಎಲ್ಲಿದೆ, ಹೇಗೆ ಬಳಕೆಯಾಗಿದೆ ಎಂಬುದನ್ನೂ ಬರೆದುಕೊಳ್ಳುತ್ತಾರೆ. ಮೆಟ್ಟಿಲಾಗಿದ್ದೂ ಆ ಕಲ್ಲಿನ ಚರಿತ್ರೆಯೇ.

ಗ್ರಂಥ ಸಂಪಾದನೆಯಲ್ಲಿ ಇದಕ್ಕೊಂದು ಅಚ್ಚುಕಟ್ಟಾದ ಪದ್ಧತಿಯಿದೆ. ಒಂದು ಕಾವ್ಯದ ಹಲವು ಓಲೆಪ್ರತಿಗಳನ್ನು ಹೋಲಿಸಿ ಸಂಪಾದಕರು ಒಂದು ಪಾಠವನ್ನು ಮೇಲೆ ಅಚ್ಚುಹಾಕುತ್ತಾರೆ. ಉಳಿದವನ್ನು ಎಸೆಯುವುದಿಲ್ಲ. ಪುಟದ ಅಡಿಯಲ್ಲಿ, ಯಾವ ಪ್ರತಿಯಲ್ಲಿ ಏನಿದೆ ಎಂದು ಪಾಠಾಂತರಗಳನ್ನು ಕೊಡುತ್ತಾರೆ. ನಾಳೆ ಇನ್ನೊಬ್ಬ ಓದುಗ ಅವರ ಆಯ್ಕೆಯನ್ನು ಒಪ್ಪದೆ ಹೋಗಬಹುದು, ಅವನಿಗೂ ಸಾಮಗ್ರಿ ಉಳಿದಿರಬೇಕು. ಲಿಪಿಕಾರರು ಕೂಡ ಗ್ರಂಥದ ಕೊನೆಯಲ್ಲಿ ತಮ್ಮ ಹೆಸರು, ಊರು, ಬರೆದು ಮುಗಿಸಿದ ತಿಥಿ ಹೇಳಿ, ತಪ್ಪಿದ್ದರೆ ತಿದ್ದಿ ಓದಿ ಎಂದು ಕೇಳಿಕೊಳ್ಳುವ ರೂಢಿಯಿತ್ತು. ಗ್ಯಾರೇಜಿನ ಲಿಪಿಕಾರರು ಹೆಸರು ಬರೆದಿಡಲಿಲ್ಲ. ಅವರ ಕೈಬರಹ ಇರುವುದು ಬುಷ್ಷಿನ ಮೇಲಿನ ಲೇತಿನ ಗೆರೆಗಳಲ್ಲಿ, ವಾಷರುಗಳ ಲೆಕ್ಕದಲ್ಲಿ.

ಹಳೆಯ ಬೈಕುಗಳ ಪುನರುದ್ಧಾರ ಈಗ ನಡೆಯುತ್ತಿರುವುದು ಪಾಠಾಂತರಗಳಿಲ್ಲದ ಸಂಪಾದನೆಯ ಹಾಗೆ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ ದಿನಾಚರಣೆಗೆ ಸಾಲಾಗಿ ನಿಲ್ಲುವ ಬೈಕುಗಳು ಕಣ್ಣಿಗೆ ಹಬ್ಬ. ಅವುಗಳನ್ನು ಉಳಿಸಿದವರ ಪ್ರೀತಿ ದೊಡ್ಡದು. ಅವರಿಲ್ಲದಿದ್ದರೆ ಬಹುಪಾಲು ಗುಜರಿಯಲ್ಲಿ ಕರಗುತ್ತಿದ್ದವು. ಆದರೆ ಅಲ್ಲಿ ಹೊಳೆಯುವ ಎಷ್ಟೋ ಬೈಕುಗಳು ಹಾಲಿನ, ಗೊಬ್ಬರದ, ಅಡಿಕೆಯ, ಮೀನಿನ ಹೊರೆ ಹೊತ್ತಿದ್ದವು. ಹೊತ್ತ ಗುರುತು ಒಂದರ ಮೇಲೂ ಕಾಣುವುದಿಲ್ಲ. ಎಲ್ಲವೂ ಕಾರ್ಖಾನೆಯಿಂದ ನೇರ ಮೈದಾನಕ್ಕೆ ಬಂದಂತಿವೆ.

ಇನ್ನೊಂದು ಸೂಕ್ಷ್ಮವಿದೆ. ತಮ್ಮ ಬೆಂಗಳೂರಿನಿಂದ ತರಿಸಲು ಹೊರಟಿರುವ 'ಒರಿಜಿನಲ್' ಶಾಕ್ ಅಬ್ಸಾರ್ಬರ್‌ಗಳು ಹಳೆಯ ಮಾದರಿ ನೋಡಿ ಈಚೆಗೆ ಬೇರೆಯವರು ತಯಾರಿಸಿದವು. ಮೈಸೂರಿನ ಕಾರ್ಖಾನೆಯಲ್ಲಿ 1996ರ ಮೇಲೆ ಯಾವುದೂ ತಯಾರಾಗಿಲ್ಲ. ಅಂದರೆ ಬೈಕಿನ ಜೊತೆ ಬಂದ ಶಾಕುಗಳು ಒಂಬತ್ತು ವರ್ಷ ಇದ್ದವು. ಬುಲೆಟ್ಟಿನವು ಇಪ್ಪತ್ತು ವರ್ಷ ದಾಟಿ ಇವೆ. ಹೊಸವು ಮೊನ್ನೆ ತಯಾರಾದವು. ಈ ಮೂರರಲ್ಲಿ ಮೊನ್ನೆಯದನ್ನು ಮೂಲವೆಂದು ಕರೆದು, ಇಪ್ಪತ್ತು ವರ್ಷದ್ದನ್ನು ಕಲಬೆರಕೆ ಎನ್ನುತ್ತೇವೆ. ರೂಪ ಮೂಲದ್ದೇ, ಒಪ್ಪಿಕೊಳ್ಳೋಣ. ಆದರೆ ಕಾಲ?

ಬೈಕು ತಮ್ಮನದಾಗಲಿದೆ, ತೀರ್ಮಾನವೂ ಅವನದೇ. ಕ್ಯಾನು ಹೊರದ ಬೈಕಿಗೆ ಮೆತ್ತಗಿನ ಸ್ಪ್ರಿಂಗು ಬೇಕು ಎಂಬ ಅವನ ಮಾತಿನಲ್ಲೂ ನ್ಯಾಯವಿದೆ. 2001ರಲ್ಲಿ ಚಿಕ್ಕಪ್ಪ ಹೊರೆಗೆ ತಕ್ಕಂತೆ ಬದಲಿಸಿದರು, ಈಗ ಮಗ ತನ್ನ ಸವಾರಿಗೆ ತಕ್ಕಂತೆ ಬದಲಿಸುತ್ತಾನೆ. ಇದೂ ಇನ್ನೊಂದು ಪಾಠ. ಅದಕ್ಕೆ ಮೂಲ ಎಂದು ಹೆಸರಿಡಬೇಡ ಎಂದಷ್ಟೇ ಅವನಲ್ಲಿ ಕೇಳಿಕೊಂಡೆ. ಜೊತೆಗೆ ಮೂರು ಕೆಲಸಗಳ ಪಟ್ಟಿ ಕೊಟ್ಟೆ. ಬಿಚ್ಚುವ ಮುನ್ನ ಎರಡೂ ಪಕ್ಕದಿಂದ ಫೋಟೊ ತೆಗೆಯುವುದು. ಕಣ್ಣಿನಿಂದ ಕಣ್ಣಿಗೆ ಉದ್ದ, ಬುಷ್ಷಿನ ಅಳತೆ, ವಾಷರುಗಳ ಸಂಖ್ಯೆ ಬರೆದುಕೊಳ್ಳುವುದು. ಬಿಚ್ಚಿದ ಜೊತೆಗೆ, ಯಾವ ವರ್ಷ, ಯಾವ ಹೊರೆಗಾಗಿ, ಯಾರ ಕೈಯಲ್ಲಿ ಕೂರಿಸಿದ್ದು ಎಂದು ಒಂದು ಚೀಟಿ ಕಟ್ಟಿ ಅಟ್ಟದ ಮೇಲಿಡುವುದು.

ಇದು ಒಂದು ಮನೆಯ ಒಂದು ಬೈಕಿನ ಮಾತು. ಆದರೆ ಇದನ್ನು ಓದುತ್ತಿರುವ ವಿದ್ಯಾರ್ಥಿಗಳಲ್ಲಿ ಹಲವರ ಊರಿನ ಕೊಟ್ಟಿಗೆಯಲ್ಲಿ, ಗೋಡಂಬೆಯಲ್ಲಿ, ಹುಣಸೆ ಮರದ ಕೆಳಗೆ ಇಂಥದ್ದೇ ಒಂದು ಗಾಡಿ ನಿಂತಿರಬಹುದು. ರಾಜದೂತ್ ಇರಬಹುದು, ಬುಲೆಟ್ ಇರಬಹುದು. ಅದರ ಮೈಮೇಲೆ ಬೇರೆ ಗಾಡಿಯ ಭಾಗವೊಂದು ಇದ್ದೇ ಇರುತ್ತದೆ. ಅದನ್ನು ಕೂರಿಸಿದ ಮೇಸ್ತ್ರಿಗೆ ಈಗ ಎಪ್ಪತ್ತೋ ಎಪ್ಪತ್ತೈದೋ ವಯಸ್ಸಾಗಿರುತ್ತದೆ. ಗಾಡಿ ಇನ್ನೂ ಕೆಲವು ವರ್ಷ ಕಾಯಬಹುದು. ಮೊದಲು ಮೇಸ್ತ್ರಿಯನ್ನು ಮಾತಾಡಿಸಿ.